ಬಸಿಗಾಲುವೆ ಮರೆತ ನೀರಾವರಿ

ಕಡೂರು ಸೀಮೆಯಲ್ಲಿ ನೀರಿನ ಮಾತು ಎತ್ತದವರಿಲ್ಲ. ಬೋರು ಎಷ್ಟು ಅಡಿಗೆ ಹೋಯಿತು, ಎಷ್ಟು ಇಂಚು ನೀರು ಸಿಕ್ಕಿತು, ಮದಗದ ಕೆರೆ ಕೋಡಿ ಬಿತ್ತೋ ಇಲ್ಲವೋ, ಭದ್ರಾ ಮೇಲ್ದಂಡೆ ನೀರು ನಮ್ಮೂರ ಕೆರೆಗೆ ಯಾವಾಗ ಎಂಬ ಮಾತುಗಳು ಟೀ ಅಂಗಡಿಯಿಂದ ವಿಧಾನಸಭೆಯವರೆಗೂ ನಡೆಯುತ್ತವೆ. ಬಂದ ನೀರಿನಲ್ಲಿ ಏನು ಕರಗಿದೆ, ಹೊಲಕ್ಕೆ ಹಾಯಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ಮಣ್ಣು ಚೌಳಾಗುವ ಕಥೆ ಶುರುವಾಗುವುದು ಈ ಕೇಳದ ಪ್ರಶ್ನೆಗಳಿಂದ. ಬರ ಬಂದರೆ ಒಂದೇ ವರ್ಷದಲ್ಲಿ ಕಣ್ಣಿಗೆ ಕಾಣುತ್ತದೆ. ಉಪ್ಪು ಕಾಣಿಸಿಕೊಳ್ಳಲು ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಅದಕ್ಕೆ ಬೇರೆ ಬೇರೆ ರೋಗದ ಹೆಸರು ಬಿದ್ದಿರುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳು. ಅಜ್ಜಂಪುರ ಮೊನ್ನೆಮೊನ್ನೆಯವರೆಗೂ ತರೀಕೆರೆಯ ಭಾಗವೇ ಆಗಿತ್ತು. ಆದರೂ ಇಲ್ಲಿ ಉಪ್ಪಿನ ದಾರಿ ಒಂದೇ ಅಲ್ಲ. ಕೆಮ್ಮಣ್ಣುಗುಂಡಿಯೂ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೂ ತರೀಕೆರೆ ತಾಲ್ಲೂಕಿನಲ್ಲಿವೆ. ಬಾಬಾಬುಡನ್ ಗಿರಿಸಾಲಿನ ಮರೆಗೆ ಸಿಕ್ಕ ಕಡೂರಿಗೆ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರ್ ಆಸುಪಾಸು. ಅಜ್ಜಂಪುರದ ಕಡೆ ಎರೆ ಹೊಲಗಳು. ಗಿರಿಯ ಆಚೆ ಮಳೆ ಮಣ್ಣಿನ ಉಪ್ಪನ್ನೆಲ್ಲ ತೊಳೆದು ಹೊಳೆಗೆ ಸಾಗಿಸುತ್ತದೆ. ಈಚೆ ಬಿದ್ದ ಮಳೆ ಮೇಲ್ಮಣ್ಣನ್ನು ನೆನೆಸಿ, ಮತ್ತೆ ಬಿಸಿಲಿಗೆ ಆರಿ ಹೋಗುತ್ತದೆ. ಉಪ್ಪು ಇದ್ದಲ್ಲೇ ಉಳಿಯುತ್ತದೆ.

ಗಿರಿಯ ಆಚೆಯ ಅಡಿಕೆ ಈಚೆಗೆ ಬಂದದ್ದು ಈ ಕಥೆಯ ಮುಖ್ಯ ತಿರುವು. ಮಲೆನಾಡಿನ ತೋಟದಲ್ಲಿ ಅಡಿಕೆ ಸಾಲುಗಳ ನಡುವೆ ಬಸಿಗಾಲುವೆ ಇಲ್ಲದಿದ್ದರೆ ಅದನ್ನು ತೋಟವೆಂದೇ ಯಾರೂ ಕರೆಯುವುದಿಲ್ಲ. ಪ್ರತಿ ವರ್ಷ ಅದರ ಹೂಳು ತೆಗೆಸುತ್ತಾರೆ, ಅಂಚು ಸವರುತ್ತಾರೆ. ಅಡಿಕೆಗೆ ದರ ಏರಿ, ಬಯಲುಸೀಮೆಯ ರಾಗಿ ಹೊಲ, ಈರುಳ್ಳಿ ಹೊಲಗಳೆಲ್ಲ ತೋಟವಾದಾಗ ಗಿಡ ಬಂತು, ಬಾಳೆ ಬಂತು, ಡ್ರಿಪ್ ಬಂತು. ಬಸಿಗಾಲುವೆ ಮಾತ್ರ ಬರಲಿಲ್ಲ. ನೀರೇ ಇಲ್ಲದ ಕಡೆ ನೀರು ಹೊರಹಾಕುವ ಕಾಲುವೆ ಯಾಕೆ ಎಂಬುದು ಸಹಜವಾದ ಮಾತೇ. ಆದರೆ ಬಸಿಗಾಲುವೆಯಲ್ಲಿ ಹೋಗುತ್ತಿದ್ದದ್ದು ನೀರು ಮಾತ್ರವಲ್ಲ, ಅದರ ಜೊತೆ ಉಪ್ಪೂ ಹೋಗುತ್ತಿತ್ತು.

ಒಂದು ಲೆಕ್ಕ ಹಾಕೋಣ. ಒಂಬತ್ತು ಅಡಿಗೊಂದರಂತೆ ಎಕರೆಗೆ ಸುಮಾರು 540 ಅಡಿಕೆ ಗಿಡ. ಮರವೊಂದಕ್ಕೆ ದಿನಕ್ಕೆ 20 ಲೀಟರ್, ಬೇಸಿಗೆಯೂ ಒಣಹವೆಯೂ ಸೇರಿ 180 ದಿನ. ಒಟ್ಟು 19 ಲಕ್ಷ ಲೀಟರಿಗೂ ಮೇಲು. ಬೋರಿನ ನೀರಿನ ಟಿಡಿಎಸ್ ಸಾವಿರ ಇದ್ದರೆ ಪ್ರತಿ ಲೀಟರಿನಲ್ಲಿ ಒಂದು ಗ್ರಾಂ ಲವಣ ಕರಗಿದೆ ಎಂದರ್ಥ. ಅಂದರೆ ಒಂದೇ ವರ್ಷದಲ್ಲಿ ಒಂದು ಎಕರೆಗೆ 19 ಕ್ವಿಂಟಲಿಗೂ ಹೆಚ್ಚು ಲವಣ. ಗಿಡ ಇದರಲ್ಲಿ ತೀರಾ ಸ್ವಲ್ಪ ಹೀರುತ್ತದೆ, ಒಂದಷ್ಟು ಸುಣ್ಣವಾಗಿ ಹೆಪ್ಪುಗಟ್ಟುತ್ತದೆ, ಒಳ್ಳೆಯ ಮಳೆಯಾದ ವರ್ಷ ಒಂದಷ್ಟು ಕೆಳಗಿಳಿಯುತ್ತದೆ. ಮಿಕ್ಕಿದ್ದು ಬೇರಿನ ಸುತ್ತ ಕೂರುತ್ತದೆ. ಎಲ್ಲ ಬೋರಿನ ನೀರೂ ಹೀಗೇ ಇರುವುದಿಲ್ಲ, ಬೇಲಿಯಾಚೆಯ ಬೋರಿನಲ್ಲೇ ಬೇರೆ ನೀರು ಬರಬಹುದು. ಆದರೆ ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಕಡೂರು ಹಳೆಯ ಹೆಸರು. ಎಂಟುನೂರು ಅಡಿ, ಸಾವಿರ ಅಡಿ ಕೊರೆದು ಎತ್ತುವ ನೀರು ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತದ್ದು. ನಿಂತಷ್ಟೂ ಕಲ್ಲಿನ ಅಂಶ ಕರಗುತ್ತದೆ. ಇದೇ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಕೂಡ ಇರುವುದರಿಂದ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಟಿಡಿಎಸ್ ಎಂಬ ಮಾತು ಹಳ್ಳಿಯಲ್ಲಿ ಬಳಕೆಗೆ ಬಂದದ್ದೂ ಹಾಗೆಯೇ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಟಿಡಿಎಸ್ 500ರ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಫಿಲ್ಟರ್ ಮಾರಲು ಬಂದವನು ಲೋಟದಲ್ಲಿ ಅದ್ದಿ ತೋರಿಸುವ ಆ ಪೆನ್ನಿನಂಥ ಮೀಟರನ್ನು ತೋಟದ ಗೇಟ್‌ವಾಲ್ವ್ ಹತ್ತಿರ ಅದ್ದಿ ನೋಡಿದವರು ಎಷ್ಟು ಮಂದಿ?

ಡ್ರಿಪ್ ಪೈಪಿನ ತೂತಿನ ಸುತ್ತ ಬಿಳಿ ಹೆಪ್ಪು ಕಟ್ಟುವುದನ್ನು ಈ ಕಡೆಯ ಪ್ರತಿ ತೋಟದವರೂ ನೋಡಿದ್ದಾರೆ. ತೂತು ಕಟ್ಟಿಕೊಂಡರೆ ಆಸಿಡ್ ಬಿಟ್ಟು ಬಿಡಿಸುತ್ತಾರೆ, ಅಲ್ಲಿಗೆ ಸಮಸ್ಯೆ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಬಿಳಿಯದು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಪೈಪಿಗೆ ಅದು ತೊಂದರೆ, ಮಣ್ಣಿಗೆ ಅದರಿಂದ ದೊಡ್ಡ ಅಪಾಯವಿಲ್ಲ. ನಿಜವಾದ ತೊಂದರೆ ಇರುವುದು ಕ್ಯಾಲ್ಸಿಯಂ ಸುಣ್ಣವಾಗಿ ಹೊರಬಿದ್ದ ಮೇಲೆ ನೀರಿನಲ್ಲೇ ಉಳಿಯುವ ಸೋಡಿಯಂನಲ್ಲಿ. ಬೈಕಾರ್ಬೊನೇಟ್ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಹಾಯಿಸಿದರೆ ಮಣ್ಣಿನ ಕಣಗಳಿಗೆ ಅಂಟಿಕೊಂಡಿದ್ದ ಕ್ಯಾಲ್ಸಿಯಂ ಜಾಗವನ್ನು ಸೋಡಿಯಂ ಹಿಡಿಯುತ್ತದೆ. ಕ್ಯಾಲ್ಸಿಯಂ ಇದ್ದಾಗ ಕಣಗಳು ಒಂದಕ್ಕೊಂದು ಕೂಡಿ ಹುಡಿಹುಡಿಯಾಗಿರುತ್ತವೆ. ಸೋಡಿಯಂ ಸೇರಿದರೆ ಬಿಡಿಬಿಡಿಯಾಗಿ ಕದಡಿ, ನಡುವಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ಮಳೆ ಬಂದರೂ ನೀರು ಇಂಗುವುದಿಲ್ಲ, ಒಣಗಿದರೆ ಗುದ್ದಲಿ ಇಳಿಯುವುದಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ತೋಟದಿಂದ ಒಣಗಿದ ಸಣ್ಣ ಹೆಂಟೆಯೊಂದನ್ನು ತಂದು ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರಿನೊಳಗೆ ಅಲುಗಾಡಿಸದೆ ಇಳಿಬಿಡಿ. ಒಳ್ಳೆಯ ಮಣ್ಣಾದರೆ ಹೆಂಟೆ ಕುಸಿದು ಪುಡಿಯಾದರೂ ಮೇಲಿನ ನೀರು ತಿಳಿಯಾಗೇ ಇರುತ್ತದೆ. ಸೋಡಿಯಂ ಹತ್ತಿದ ಮಣ್ಣಾದರೆ ಕೆಲವೇ ತಾಸಿನಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡುತ್ತದೆ. ಬೋರಿನ ನೀರಿನಲ್ಲಿ ಈ ಪರೀಕ್ಷೆ ಮಾಡಬಾರದು. ಉಪ್ಪುನೀರು ಕಣಗಳನ್ನು ಕದಡಲು ಬಿಡುವುದಿಲ್ಲ, ಕೆಟ್ಟ ಮಣ್ಣೂ ಒಳ್ಳೆಯದರಂತೆ ಕಾಣುತ್ತದೆ. ಬೇಸಿಗೆಯಿಡೀ ಬೋರಿನ ನೀರು ಕುಡಿದು ಸುಮ್ಮನಿದ್ದ ತೋಟ ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆಸರಾಗಿ ಕೂರುವುದಕ್ಕೂ ಕಾರಣ ಇದೇ.

ಹಾಗಾದರೆ ಸವಳು ಬೇರೆ, ಕ್ಷಾರ ಬೇರೆಯೇ? ಬೇರೆಯೇ. ಈ ಭೇದ ತಿಳಿಯದೆ ಮಾಡುವ ಉಪಚಾರದಿಂದ ಹಣ ಹಾಳು. ಮಣ್ಣಿನಲ್ಲಿ ಕರಗುವ ಲವಣ ಹೆಚ್ಚಾಗಿ, ರಸಸಾರ 8.5ರ ಒಳಗಿದ್ದರೆ ಅದು ಸವಳು. ಒಳ್ಳೆಯ ನೀರು ನಿಲ್ಲಿಸಿ ಬಸಿದುಹೋಗುವಂತೆ ಮಾಡಿದರೆ ಅದು ಸರಿಹೋಗುತ್ತದೆ. ಸೋಡಿಯಂ ಸೇರಿ ರಸಸಾರ 8.5 ದಾಟಿದರೆ ಕ್ಷಾರ. ಅಲ್ಲಿ ಬರೀ ನೀರು ನಿಲ್ಲಿಸಿದರೆ ಇನ್ನಷ್ಟು ಕೆಡುತ್ತದೆ. ಮೊದಲು ಜಿಪ್ಸಂ ಕೊಟ್ಟು ಸೋಡಿಯಂ ಬಿಡಿಸಬೇಕು, ಆಮೇಲೆ ಅದು ಬಸಿದುಹೋಗಲು ದಾರಿ ಬೇಕು. ಎಕರೆಗೆ ಎಷ್ಟು ಜಿಪ್ಸಂ ಎಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು, ಪಕ್ಕದ ತೋಟದವರಲ್ಲ. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ 1969ರಿಂದ ಇದೇ ಕೆಲಸದಲ್ಲಿದೆ. ದೇಶದಲ್ಲಿ ಉಪ್ಪು ಹತ್ತಿದ ನೆಲ ಸುಮಾರು 67 ಲಕ್ಷ ಹೆಕ್ಟೇರ್, ಕರ್ನಾಟಕದಲ್ಲಿ ಸುಮಾರು ಒಂದೂವರೆ ಲಕ್ಷ ಹೆಕ್ಟೇರ್ ಎಂಬುದು ಬಳಕೆಯಲ್ಲಿರುವ ಲೆಕ್ಕ. ನಮ್ಮ ರಾಜ್ಯದ ಪಾಲಿನಲ್ಲಿ ಬಹುಪಾಲು ಕ್ಷಾರದ ನೆಲ.

ತೆಂಗಿನ ವಿಷಯ ಇಲ್ಲೇ ಹೇಳಿಬಿಡಬೇಕು. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ನಮ್ಮಲ್ಲಿ ಹಳೆಯದು. ಅದು ಮೂಢನಂಬಿಕೆಯಲ್ಲ. ತೆಂಗಿಗೆ ಕ್ಲೋರೈಡ್ ಬೇಕು, ಮಳೆ ತೊಳೆದುಬಿಡುವ ಕರಾವಳಿಯ ಮಣ್ಣಿನಲ್ಲಿ ಆ ಉಪ್ಪಿಗೆ ಅರ್ಥವಿದೆ. ಬೇಸಿಗೆಯುದ್ದಕ್ಕೂ ಬೋರಿನ ಗಡಸುನೀರು ಕುಡಿಯುವ ಬೀರೂರು, ಯಗಟಿ ಕಡೆಯ ತೆಂಗಿಗೂ ಅದನ್ನೇ ಮಾಡುವುದೆಂದರೆ ದುಡ್ಡು ಕೊಟ್ಟು ತೊಂದರೆ ತಂದುಕೊಂಡಂತೆ. ತೆಂಗು ಗಟ್ಟಿ ಮರ, ಸಹಿಸಿಕೊಳ್ಳುತ್ತದೆ. ಅದರ ಕೆಳಗೆ ಹಾಕಿದ ಹುರುಳಿಕಾಯಿ ಸಹಿಸುವುದಿಲ್ಲ.

ಬೆಳೆಯಿಂದ ಬೆಳೆಗೆ ಈ ಸಹನೆ ಎಷ್ಟು ಬೇರೆ ಎಂಬುದನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ನೀರಾವರಿ ಕೈಪಿಡಿ ಕೋಷ್ಟಕದಲ್ಲೇ ಕೊಟ್ಟಿದೆ. ನೀರಿನ ಉಪ್ಪಿನ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 5 ಡೆಸಿಸೀಮೆನ್ಸ್‌ವರೆಗೂ ಹತ್ತಿ ಪೂರ್ತಿ ಇಳುವರಿ ಕೊಡುತ್ತದೆ. ಬಿಳಿಜೋಳ 4.5ರವರೆಗೆ. ಈರುಳ್ಳಿಯ ಮಿತಿ 0.8. ನೀರಿನ ವಾಹಕತೆ 1.8ಕ್ಕೆ, ಅಂದರೆ ಟಿಡಿಎಸ್ ಹೆಚ್ಚುಕಡಿಮೆ 1150ಕ್ಕೆ ಏರಿದರೆ ಈರುಳ್ಳಿಯ ಇಳುವರಿಯಲ್ಲಿ ಕಾಲುಭಾಗ ಹೋಗುತ್ತದೆ. ಹುರುಳಿಕಾಯಿ ಅದಕ್ಕಿಂತ ನಾಜೂಕು. ಈಗ ಈ ಸೀಮೆಯ ಬೆಳೆಗಳು ಬದಲಾದ ಬಗೆ ನೋಡಿ. ಎರೆ ಹೊಲದಲ್ಲಿ ಮಳೆ ನಂಬಿ ಬೆಳೆಯುತ್ತಿದ್ದ ಹತ್ತಿ, ಬಿಳಿಜೋಳ ಉಪ್ಪಿಗೆ ಹೆದರದ ಬೆಳೆಗಳು. ನೀರಾವರಿ ಮಾಡಿ ಬೆಳೆಯುತ್ತಿರುವ ಈರುಳ್ಳಿ, ತರಕಾರಿ, ಅಡಿಕೆ ನಾಜೂಕಿನ ಬೆಳೆಗಳು. ಉಪ್ಪಿನ ಹೊರೆ ಏರುವ ಹೊತ್ತಿಗೇ ಉಪ್ಪು ತಡೆಯದ ಬೆಳೆಗೆ ನಾವು ಜಿಗಿದಿದ್ದೇವೆ. ಮೆಸಪೊಟೇಮಿಯಾದ ಸುಮೇರಿಯನ್ನರು ಕಾಲುವೆ ನೀರಿನಿಂದ ನೆಲ ಉಪ್ಪಾದಂತೆ ಗೋಧಿ ಕೈಬಿಟ್ಟು ಬಾರ್ಲಿಗೆ ಇಳಿದರು ಎಂದು ಅಲ್ಲಿನ ಜೇಡಿಮಣ್ಣಿನ ಫಲಕಗಳನ್ನು ಓದಿದ ವಿದ್ವಾಂಸರು ವಾದಿಸಿದ್ದಾರೆ. ಅವರು ಇಳಿದ ಮೆಟ್ಟಿಲನ್ನು ನಾವು ಹತ್ತುತ್ತಿದ್ದೇವೆ.

ಅಡಿಕೆ ಆಹಾರದ ಬೆಳೆಯಲ್ಲವಲ್ಲ, ಇದರಿಂದ ಊಟಕ್ಕೇನು ತೊಂದರೆ ಎಂದು ಕೇಳಬಹುದು. ಅಡಿಕೆಯ ದರ ಸದಾ ಹೀಗೇ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಇಪ್ಪತ್ತು ವರ್ಷ ಬೋರಿನ ನೀರು ಕುಡಿಸಿದ ತೋಟವನ್ನು ಕಡಿದು ಮತ್ತೆ ರಾಗಿಗೆ, ಈರುಳ್ಳಿಗೆ, ದ್ವಿದಳ ಧಾನ್ಯಕ್ಕೆ ತಿರುಗುವ ದಿನ ಬಂದರೆ ಆ ನೆಲದಲ್ಲಿ ಏನು ಮೊಳೆಯುತ್ತದೆ ಎಂಬುದೇ ನನ್ನ ಆತಂಕ.

ತರೀಕೆರೆಯ ಕಡೆ ಉಪ್ಪಿನ ದಾರಿ ಕೆಳಗಿನಿಂದ ಮೇಲಕ್ಕೆ. ಭದ್ರಾ ಜಲಾಶಯ 71.5 ಟಿಎಂಸಿಯದು, ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಮೇಲು. ಪಶ್ಚಿಮಘಟ್ಟದಿಂದ ಬರುವ ಭದ್ರೆಯ ನೀರು ಸಿಹಿ, ಅದು ಉಪ್ಪು ತರುವುದಿಲ್ಲ. ಆದರೆ ನಾಲೆಯ ಸೋರಿಕೆ, ಗದ್ದೆಯಿಂದ ಗದ್ದೆಗೆ ತುಂಬಿ ಹರಿಯುವ ನೀರು ಸೇರಿ ಅಂತರ್ಜಲ ಮೇಲೇರುತ್ತದೆ. ಅದು ನೆಲದಿಂದ ಎರಡು ಮೀಟರಿನೊಳಗೆ ಬಂತೆಂದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ನೀರನ್ನು ಮೇಲಕ್ಕೆಳೆಯುತ್ತದೆ. ನೀರು ಆರುತ್ತದೆ, ತಳದಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಮೊದಲು ಜವಳು, ಆಮೇಲೆ ಸವಳು. ಬಲದಂಡೆ ನಾಲೆಯ ಕೆಳಗಿನ ತಗ್ಗು ಗದ್ದೆಗಳಲ್ಲಿ ಭತ್ತ ಬಿಟ್ಟು ಅಡಿಕೆ ಹಾಕಿದವರು ಬಸಿಗಾಲುವೆ ತೋಡಿಯೇ ಗಿಡ ಉಳಿಸಿಕೊಂಡರು. ಅವರ ಬಸಿ ನೀರು ಮಾತ್ರ ಕೆಳಗಿನವರ ಗದ್ದೆಗೆ ಇಳಿಯುತ್ತದೆ. ನೀರು ಬಿಡಲು ಸೌಡಿ ಇದ್ದಾರೆ, ಪಾಳಿ ಇದೆ, ನೀರು ಬಳಕೆದಾರರ ಸಂಘವಿದೆ. ಬಸಿ ನೀರಿನ ಜಗಳ ತೀರಿಸಲು ಯಾರೂ ಇಲ್ಲ. ಹಳ್ಳದವರೆಗೆ ಒಂದು ಸಾಮಾನ್ಯ ಬಸಿಗಾಲುವೆ ತೋಡಬೇಕೆಂದರೆ ನಡುವೆ ಹತ್ತು ಜನರ ಜಮೀನು ದಾಟಬೇಕು. ಒಬ್ಬರು ಒಲ್ಲೆ ಎಂದರೆ ಕೆಲಸ ನಿಂತಿತು.

ಇದೇ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಹೊಸಪೇಟೆಯವರೆಗೂ ಹೋಗುತ್ತದೆ. ಅಲ್ಲಿ ಆದದ್ದು ನಮಗೆ ಪಾಠ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನಾಲೆಗೆ ನೀರು ಹರಿಯಿತು. ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದದ್ದು ಬಹುಮಟ್ಟಿಗೆ ಅರೆಖುಷ್ಕಿ ಬೆಳೆಗಳು. ನಾಲೆಯ ಮೇಲ್ಭಾಗದಲ್ಲಿ ರೈತರು ಬೆಳೆದದ್ದು ಭತ್ತ. ಎರೆ ಮಣ್ಣಿನಲ್ಲಿ ನೀರು ಇಳಿಯಲಿಲ್ಲ, ಬಸಿಗಾಲುವೆ ಆಗಲಿಲ್ಲ. ಮೂರು ಲಕ್ಷ ಅರವತ್ತು ಸಾವಿರ ಹೆಕ್ಟೇರಿನ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು-ಜವಳಾಯಿತು ಎಂಬುದು ದಶಕಗಳಿಂದ ವರದಿಗಳಲ್ಲಿ ಬರುತ್ತಿರುವ ಅಂಕಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಡಚ್ ತಜ್ಞರ ನೆರವಿನಲ್ಲಿ 1990ರ ದಶಕದಲ್ಲಿ ನೆಲದಡಿ ತೂತು ಪೈಪು ಹೂತು ನೀರು ಬಸಿಯುವ ಪ್ರಯೋಗ ಮಾಡಿದರು. ಮೂರು ನಾಲ್ಕು ಅಡಿ ಆಳದಲ್ಲಿ ಸಾಲುಸಾಲಾಗಿ ಪೈಪು, ಕೊನೆಗೆ ಹಳ್ಳಕ್ಕೆ. ಉಪ್ಪು ಇಳಿಯಿತು, ಇಳುವರಿ ಮರಳಿತು. ಆದರೆ ಅದು ಒಬ್ಬ ರೈತನ ಕೈಯಿಂದಾಗುವ ಖರ್ಚಲ್ಲ, ಮತ್ತು ಎಲ್ಲ ಪೈಪುಗಳ ಬಾಯಿಗೂ ಒಂದು ಜೀವಂತ ಹಳ್ಳ ಬೇಕು. ಕೆಟ್ಟ ಮೇಲೆ ಸರಿಮಾಡುವ ದುಬಾರಿ ದಾರಿ ಅದು.

ಅಜ್ಜಂಪುರಕ್ಕೆ ಇನ್ನೂ ಅಗ್ಗದ ದಾರಿ ಉಳಿದಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಈ ತಾಲ್ಲೂಕಿನ ನೆಲದಡಿಯ ಸುರಂಗ ದಾಟಿಯೇ ಚಿತ್ರದುರ್ಗ, ತುಮಕೂರಿನ ಕಡೆ ಕವಲೊಡೆಯಬೇಕು. ಯೋಜನೆಯ ಪಾಲು 29.90 ಟಿಎಂಸಿ, 2.25 ಲಕ್ಷ ಹೆಕ್ಟೇರಿಗೆ ಹನಿ-ತುಂತುರು ನೀರಾವರಿ, ಜೊತೆಗೆ ಕೆರೆ ತುಂಬಿಸುವುದು. ತರೀಕೆರೆ ಏತ ನೀರಾವರಿಯೂ ಇದರದೇ ಭಾಗ. ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ, ಈ ಜನ ಅದಕ್ಕಾಗಿ ದಶಕಗಟ್ಟಲೆ ಕಾದಿದ್ದಾರೆ. ನಾಲೆಯಲ್ಲಿ ಹರಿಬಿಡುವ ಬದಲು ಹನಿ ನೀರಾವರಿ ಎಂದು ನಿರ್ಧರಿಸಿದ್ದು ತುಂಗಭದ್ರೆಯ ತಪ್ಪಿನಿಂದ ಕಲಿತ ವಿವೇಕ ಎಂದೇ ನಾನು ಭಾವಿಸುತ್ತೇನೆ. ಆದರೆ ಕಾಗದದ ಮೇಲಿನ ಹನಿ ಹೊಲದಲ್ಲಿ ಹನಿಯಾಗೇ ಉಳಿಯುತ್ತದೆಯೇ? ಕೆರೆ ತುಂಬಿದ ಮೇಲೆ ಅದರ ಕೆಳಗಿನ ಎರೆ ಬಯಲಿನಲ್ಲಿ ಜನ ಭತ್ತವನ್ನೋ ಅಡಿಕೆಯನ್ನೋ ಹಾಕುವುದನ್ನು ಯಾವ ಯೋಜನಾ ವರದಿಯೂ ತಡೆಯಲಾರದು. ಇಷ್ಟು ಕಾಲ ಮಳೆಯೊಂದನ್ನೇ ಕಂಡ ಎರೆ ಮಣ್ಣಿನ ತಳದಲ್ಲಿ ಮಲಗಿರುವ ಉಪ್ಪಿಗೆ ಮೇಲೇರಲು ಬೇಕಾದದ್ದು ನಿಂತ ನೀರು ಮಾತ್ರ.

ಕಡೂರಿನ ಬೋರಿನ ತೋಟಗಳಿಗೂ ಕೆರೆ ತುಂಬುವುದರಿಂದ ಲಾಭವಿದೆ. ಅಂತರ್ಜಲದ ಲವಣ ತೆಳುವಾಗುತ್ತದೆ. ಅಯ್ಯನಕೆರೆಯಿಂದ ವೇದಾ, ಮದಗದ ಕೆರೆಯಿಂದ ಆವತಿ ಹರಿದು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ವಾಣಿವಿಲಾಸ ಸಾಗರ ಸೇರುವ ಈ ಕೆರೆ-ಹಳ್ಳಗಳ ಸರಪಳಿ ಒಂದು ಕಾಲಕ್ಕೆ ನೀರು ಹಂಚುವುದರ ಜೊತೆಗೆ ಉಪ್ಪನ್ನೂ ಕೆಳಕ್ಕೆ ಸಾಗಿಸುತ್ತಿತ್ತು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವಾಗ ನಡುವಿನ ಬಯಲನ್ನು ತೊಳೆದೇ ಹೋಗುತ್ತಿತ್ತು. ಕೋಡಿ ಬೀಳದ ವರ್ಷಗಳು ಹೆಚ್ಚಾದಂತೆ ಆ ತೊಳೆತವೂ ನಿಂತಿತು.

ಬೋರನ್ನೇ ನಂಬಿದವರು ಮಾಡಬಹುದಾದ ಕೆಲಸಗಳೂ ಇವೆ, ಅವುಗಳಲ್ಲಿ ಕೆಲವು ಕೇಳಲು ವಿಚಿತ್ರ. ಡ್ರಿಪ್ ಹನಿಯ ಸುತ್ತ ನೆನೆದ ಮಣ್ಣಿನ ಅಂಚಿನಲ್ಲಿ ಉಪ್ಪು ಬಳೆಯಂತೆ ಕೂಡಿರುತ್ತದೆ. ಸಣ್ಣ ಮಳೆ ಬಂದರೆ ಅದು ಕರಗಿ ಒಳಗಿನ ಬೇರಿಗೇ ಇಳಿಯುತ್ತದೆ. ಹಾಗಾಗಿ ಬೇಸಿಗೆ ಕಳೆದು ಮೊದಲ ತುಂತುರು ಮಳೆ ಬಂದ ದಿನ ಮೋಟಾರ್ ಆರಿಸದೆ ಡ್ರಿಪ್ ಬಿಟ್ಟಿರಬೇಕು ಎನ್ನುತ್ತಾರೆ ತಜ್ಞರು. ಮಳೆ ಬರುವಾಗ ನೀರು ಬಿಡುವವನನ್ನು ಕಂಡು ಊರು ನಗುತ್ತದೆ, ನಗಲಿ. ಕೃಷಿ ಹೊಂಡದ ಮಳೆನೀರನ್ನು ಈರುಳ್ಳಿ ಮೊಳೆಯುವ ಹೊತ್ತಿಗೆ ಮೀಸಲಿಟ್ಟು, ಗಡ್ಡೆ ಬಲಿಯುವಾಗ ಬೋರಿನ ನೀರು ಕೊಡಬಹುದು, ಯಾಕೆಂದರೆ ಮೊಳಕೆಗೆ ಉಪ್ಪಿನ ಪೆಟ್ಟು ಜಾಸ್ತಿ. ಡಯಂಚ, ಸೆಣಬು ಬೆಳೆದು ಮಣ್ಣಿಗೆ ಸೇರಿಸಿದರೆ ನೀರಿಂಗುವ ಸಂದುಗಳು ತೆರೆಯುತ್ತವೆ. ಪೊಟ್ಯಾಷ್ ಕೊಡುವಾಗ ಕ್ಲೋರೈಡ್ ಇರುವ ಮ್ಯೂರಿಯೇಟ್ ಬದಲು ಸಲ್ಫೇಟ್ ರೂಪದ್ದು ಒಳ್ಳೆಯದು, ದುಬಾರಿಯಾದರೂ. ತೋಟಕ್ಕೆ ಕೆರೆಗೋಡು ಹೊಡೆಸುವ ಮುನ್ನ ಆ ಗೋಡಿನದೂ ಒಂದು ಪರೀಕ್ಷೆ ಆಗಲಿ. ನಾಲ್ಕಾರು ದಶಕ ಬಸಿ ನೀರು ಬಂದು ಬತ್ತಿದ ಕೆರೆಯ ತಳದಲ್ಲಿ ಗೊಬ್ಬರದ ಜೊತೆ ಉಪ್ಪೂ ಕೂಡಿರಬಹುದು.

ಪರೀಕ್ಷೆಯ ಮಾತು ಬಂತು. ಮಣ್ಣು ಆರೋಗ್ಯ ಚೀಟಿ 2015ರಲ್ಲಿ ಬಂದು ಈಗ ಬಹಳಷ್ಟು ಮನೆಗಳಲ್ಲಿದೆ. ಅದರಲ್ಲಿರುವ ಹನ್ನೆರಡು ಅಂಶಗಳಲ್ಲಿ ರಸಸಾರ, ವಿದ್ಯುತ್ ವಾಹಕತೆ ಎರಡೂ ಇವೆ. ರೈತರೂ ಗೊಬ್ಬರದಂಗಡಿಯವರೂ ಓದುವುದು ಸಾರಜನಕ, ರಂಜಕ, ಪೊಟ್ಯಾಷ್ ಕಾಲಂ ಮಾತ್ರ. ಸೋಡಿಯಂ ಎಷ್ಟಿದೆ ಎಂಬ ಕಾಲಂ ಚೀಟಿಯಲ್ಲೇ ಇಲ್ಲ, ನೀರಾವರಿ ನೀರಿನ ಪರೀಕ್ಷೆ ಈ ಯೋಜನೆಯ ವ್ಯಾಪ್ತಿಗೇ ಬರುವುದಿಲ್ಲ. ಬೋರಿನಿಂದಲೇ ಬದುಕುವ ತಾಲ್ಲೂಕಿನಲ್ಲಿ ಇದು ದೊಡ್ಡ ಲೋಪ. ಜಗತ್ತಿನ ಭೂಭಾಗದಲ್ಲಿ ಸುಮಾರು 138 ಕೋಟಿ ಹೆಕ್ಟೇರ್, ಅಂದರೆ ಹತ್ತರಲ್ಲೊಂದು ಪಾಲು ಉಪ್ಪು ಹತ್ತಿದ್ದು ಎಂದು ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಹೇಳಿತು. ಡಿಸೆಂಬರ್ 5ರ ವಿಶ್ವ ಮಣ್ಣು ದಿನದಂದು ರೈತ ಸಂಪರ್ಕ ಕೇಂದ್ರಗಳಲ್ಲಿ ಭಾಷಣ, ಸನ್ಮಾನ ನಡೆಯುತ್ತವೆ. ಆ ದಿನ ಪ್ರತಿ ರೈತನೂ ಒಂದು ಬಾಟಲಿ ಬೋರಿನ ನೀರು ತರಲಿ, ವಾಹಕತೆಯನ್ನು ಸ್ಥಳದಲ್ಲೇ ಅಳೆದು ಪಂಚಾಯಿತಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೀಟರಿನ ಬೆಲೆ ಒಂದು ಶಾಲು-ಹಾರದ ಖರ್ಚಿಗಿಂತ ಬಹಳ ಹೆಚ್ಚೇನಲ್ಲ.

ಅಜ್ಜಂಪುರದ ಎರೆ ಬಯಲುಗಳಲ್ಲಿ ಇನ್ನೂ ಒಂದು ಕೆಲಸ ಬಾಕಿಯಿದೆ, ಅದು ನೀರು ಬರುವ ಮುಂಚೆ ಮಾತ್ರ ಮಾಡಲು ಸಾಧ್ಯ. ಬೋರು ಬಂದ ಮೇಲೆ ಪಾಳುಬಿದ್ದ ತೆರೆದ ಬಾವಿಗಳು ಊರೂರಲ್ಲಿವೆ. ಅವನ್ನು ಮುಚ್ಚದೆ, ಒಳಗೋಡೆಗೆ ಅಡಿಯ ಗುರುತು ಹಾಕಿ, ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿನ ನಂತರ ಇನ್ನೊಮ್ಮೆ ನೀರಿನ ಮಟ್ಟ ಬರೆದಿಟ್ಟರೆ ಅಂತರ್ಜಲ ಏರುವುದು ಮೊದಲೇ ತಿಳಿಯುತ್ತದೆ. ಹತ್ತು ಅಡಿಗೆ ಬಂದಾಗಲೇ ಎಚ್ಚರಾಗಬೇಕು, ಆರು ಅಡಿಗೆ ಬಂದಮೇಲೆ ತಡವಾಗಿರುತ್ತದೆ. ಜೊತೆಗೆ ಸರ್ವೆ ನಕ್ಷೆಯಲ್ಲಿ ಗೆರೆಯಾಗಿ ಉಳಿದು ನೆಲದ ಮೇಲೆ ಉತ್ತುಹೋದ ಹಳ್ಳಗಳನ್ನು ಈಗಲೇ ಅಳತೆ ಮಾಡಿಸಿ ಬಿಡಿಸಬೇಕು. ಬಸಿಗಾಲುವೆ ಎಂದು ತೋಡಿದರೂ ಅದು ಹೋಗಿ ಸೇರುವುದು ಅಲ್ಲಿಗೇ. ಹನಿ ನೀರಾವರಿ ಬಂದು, ಎಕರೆಯ ಬೆಲೆ ಏರಿ, ಹಳ್ಳದ ಮೇಲೆಲ್ಲ ಅಡಿಕೆ ಸಸಿ ನಿಂತ ಮೇಲೆ ಆ ಮಾತೆತ್ತಲು ಯಾವ ತಹಶೀಲ್ದಾರರಿಗೂ ಧೈರ್ಯ ಬರುವುದಿಲ್ಲ.